ಮೀಟರಿನ ಕೆಂಪು ಮಿಣುಕು



ಮಲೆನಾಡಿನ ಸಭೆಯಲ್ಲಿ ರಾಯಚೂರಿನ ಮಾತೇಕೆ ಎಂದು ನೀವು ಕೇಳಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮುಳುಗಿದ್ದು ನಮ್ಮ ಕಣಿವೆ. 1985ರಲ್ಲಿ ಶಕ್ತಿನಗರದ ಮೊದಲ ಘಟಕ ಉರಿಯತೊಡಗಿದಾಗ ಬೂದಿಗೆ ಮೈಯೊಡ್ಡಿದ್ದು ರಾಯಚೂರು. 2010ರಲ್ಲಿ ಎಂಟನೆಯ ಘಟಕವೂ ಸೇರಿ ಅಲ್ಲಿನ ಸಾಮರ್ಥ್ಯ 1720 ಮೆಗಾವ್ಯಾಟ್ ಮುಟ್ಟಿತು. ನೀರಿನಿಂದ ಹುಟ್ಟಿದ ವಿದ್ಯುತ್ತೂ ಕಲ್ಲಿದ್ದಲಿನಿಂದ ಹುಟ್ಟಿದ್ದೂ ಒಂದೇ ತಂತಿಜಾಲವನ್ನು ಸೇರುತ್ತವೆ. ಹಾಗಾಗಿ ನಮ್ಮ ದೀಪಕ್ಕೂ ಅವರ ಬೂದಿಗೂ ನಂಟುಂಟು. ಆದರೆ ಇಂದಿನ ಮಾತು ಸ್ಥಾವರಗಳ ಕುರಿತಲ್ಲ, ಪಡಸಾಲೆಯ ಗೋಡೆಯ ಮೇಲಿರುವ ಮೀಟರಿನ ಕುರಿತು.

ಲೆಕ್ಕದ ಸೂತ್ರ ಶಾಲಾಮಕ್ಕಳಿಗೂ ಗೊತ್ತು: ವ್ಯಾಟನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್. ದೇವದುರ್ಗದ ಹಳ್ಳಿಯೊಂದರಲ್ಲಿ ಒಂದು ಸಾಧಾರಣ ಮನೆಯನ್ನು ಊಹಿಸಿಕೊಳ್ಳೋಣ. 75 ವ್ಯಾಟಿನ ಹಳೆಯ ಫ್ಯಾನು ಬೇಸಿಗೆಯಲ್ಲಿ 18 ಗಂಟೆ ತಿರುಗಿದರೆ ದಿನಕ್ಕೆ 1.35 ಯೂನಿಟ್. 9 ವ್ಯಾಟಿನ ಮೂರು ಎಲ್‌ಇಡಿ ದೀಪಗಳು ಐದು ಗಂಟೆ ಉರಿದರೆ 0.135. ಟಿ.ವಿ. 50 ವ್ಯಾಟಿನದು, ಮೂರು ಗಂಟೆಗೆ 0.15. ಅದರ ಪಕ್ಕದ ಸೆಟ್‌ಟಾಪ್ ಪೆಟ್ಟಿಗೆ ಬರೀ 10 ವ್ಯಾಟಿನದಾದರೂ ಅದನ್ನು ಯಾರೂ ಆರಿಸುವುದಿಲ್ಲ. 24 ಗಂಟೆಗೆ 0.24. ನೋಡುವ ಟಿ.ವಿ.ಗಿಂತ ನೋಡದ ಪೆಟ್ಟಿಗೆಯೇ ಹೆಚ್ಚು ತಿನ್ನುತ್ತಿದೆ! ಒಟ್ಟು ದಿನಕ್ಕೆ 1.875, ತಿಂಗಳಿಗೆ ಸುಮಾರು 56 ಯೂನಿಟ್. ಅದರಲ್ಲಿ 40 ಯೂನಿಟ್ ಫ್ಯಾನಿನದೇ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಿ ಫ್ಯಾನನ್ನು ವಿಲಾಸವೆನ್ನುವುದು ಅನ್ಯಾಯ. ‘ಸ್ವಿಚ್ ಆರಿಸಿ’ ಎಂಬ ನಮ್ಮ ಘೋಷಣೆ ಅಲ್ಲಿಗೆ ಸಲ್ಲದು.

ಇನ್ನು ರಾಯಚೂರು ನಗರದ ಮನೆ. ಎರಡು ಫ್ಯಾನಿಗೆ 2.7, 200 ವ್ಯಾಟಿನ ಕೂಲರು ಹತ್ತು ಗಂಟೆ ಓಡಿದರೆ 2, ಫ್ರಿಜ್ಜಿಗೆ 1, ದೀಪ, ಟಿ.ವಿ., ನೀರೆತ್ತುವ ಮೋಟಾರಿಗೆ 0.75 ಎನ್ನೋಣ. ದಿನಕ್ಕೆ 6.45, ತಿಂಗಳಿಗೆ 193 ಚಿಲ್ಲರೆ. ನೆಂಟರು ಬಂದು ಇನ್ನೊಂದು ಫ್ಯಾನು ತಿರುಗಿತೆಂದರೆ 200 ದಾಟುತ್ತದೆ.

ಈ 200ರ ಗೆರೆ ಏಕೆ ಮುಖ್ಯವೆಂಬುದು ನಿಮಗೆ ಗೊತ್ತೇ ಇದೆ. 2023ರ ಆಗಸ್ಟ್‌ನ ಬಿಲ್ಲಿನಿಂದ ಗೃಹಜ್ಯೋತಿ ಬಂದಾಗ ಪ್ರತಿ ಮನೆಯ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಉಚಿತದ ಮಿತಿ ಕಟ್ಟಿದರು. ಮಿತಿ ಮೀರಿದಷ್ಟಕ್ಕೆ ಹಣ, 200 ಮೀರಿದರೆ ಆ ತಿಂಗಳ ಪೂರ್ತಿ ಬಿಲ್ಲು. ಹಂಡೆಯೊಲೆಯಲ್ಲಿ ನೀರು ಕಾಯಿಸುವ, ಫ್ಯಾನು ಅಪರೂಪವಾದ ನಮ್ಮ ಮನೆಗಳ ಬಳಕೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ. ರಾಯಚೂರಿನಲ್ಲಿ ಡಿಸೆಂಬರಿಗೂ ಮೇ ತಿಂಗಳಿಗೂ ಅಜಗಜಾಂತರ. ವರ್ಷದ ಸರಾಸರಿಯೆಂಬುದು ಬೇಸಿಗೆಯನ್ನು ಚಳಿಗಾಲದಲ್ಲಿ ಕಲಸಿ ಮರೆಮಾಡುತ್ತದೆ. ಹಾಗಾಗಿ ಬಿಸಿಲೂರಿನ ಬಡವ ಸರಿಯಾಗಿ ಮೇ ತಿಂಗಳಲ್ಲೇ ಮಿತಿ ಮೀರುತ್ತಾನೆ. ಶೂನ್ಯ ಬಿಲ್ಲು ಬರತೊಡಗಿದ ಮೇಲೆ ಬಿಲ್ಲನ್ನು ಓದುವ ರೂಢಿಯೂ ತಪ್ಪಿದೆ. ಅದರಲ್ಲಿ ಯೂನಿಟ್ಟುಗಳ ಸಂಖ್ಯೆ ಮಾತ್ರ ಶೂನ್ಯವಲ್ಲ.

ಉಪಕರಣದ ಮೇಲಿನ ಚೀಟಿಯನ್ನು ಪೂರ್ತಿ ನಂಬಬೇಡಿ. ವೋಲ್ಟೇಜ್ ಇಳಿದಾಗ, ಫ್ಯಾನು ಹಳತಾದಾಗ ವ್ಯಾಟೂ ಬದಲಾಗುತ್ತದೆ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕೆಂಬುದು ಮೀಟರಿನ ಮುಖದ ಮೇಲೆಯೇ ಇರುತ್ತದೆ, 3200 ಎಂದಿಟ್ಟುಕೊಳ್ಳಿ. ಎಲ್ಲವನ್ನೂ ಆರಿಸಿ ಫ್ಯಾನನ್ನಷ್ಟೇ ಹಾಕಿ, ಗಡಿಯಾರ ಹಿಡಿದು ಹತ್ತು ನಿಮಿಷ ಎಣಿಸಿ. 40 ಮಿಣುಕು ಬಂದರೆ ಗಂಟೆಗೆ 240. 240ನ್ನು 3200ರಿಂದ ಭಾಗಿಸಿದರೆ 0.075 ಕಿಲೋವ್ಯಾಟ್, ಅಂದರೆ 75 ವ್ಯಾಟ್. ಎಲ್ಲ ಆರಿಸಿದರೂ ಮಿಣುಕುತ್ತಿದ್ದರೆ ಎಲ್ಲೋ ಸೋರಿಕೆಯಿದೆ, ಅಥವಾ ಮರೆತ ಪೆಟ್ಟಿಗೆಯೊಂದಿದೆ. ಫ್ರಿಜ್ಜಿಗೆ ಮಾತ್ರ ಈ ಉಪಾಯ ಸಲ್ಲದು. ಅದು ತಾನೇ ನಿಂತು ತಾನೇ ಓಡುವುದರಿಂದ, ಸ್ಟಾರ್ ಚೀಟಿಯಲ್ಲಿರುವ ವಾರ್ಷಿಕ ಯೂನಿಟ್ಟನ್ನು ಹನ್ನೆರಡರಿಂದ ಭಾಗಿಸುವುದೇ ಸುಲಭ.

ಈಗ ಬಿ.ಎಲ್.ಡಿ.ಸಿ. ಎಂಬ ಫ್ಯಾನುಗಳಿವೆ, ಸುಮಾರು 30 ವ್ಯಾಟಿನವು. ಅದೇ 18 ಗಂಟೆಗೆ 0.54 ಯೂನಿಟ್, ತಿಂಗಳಿಗೆ ಫ್ಯಾನೊಂದಕ್ಕೆ 24 ಯೂನಿಟ್ ಉಳಿತಾಯ. ಒಂದು ಯೂನಿಟ್ಟಿಗೆ ಅಂದಾಜು 700 ಗ್ರಾಂ ಕಲ್ಲಿದ್ದಲೆಂದರೆ 17 ಕಿಲೋ ಉರಿಯದೆ ಉಳಿಯಿತು. ಬೆವರೊರೆಸಿಕೊಳ್ಳುತ್ತ ಕೂರದೆಯೇ ಆಗುವ ಉಳಿತಾಯವಿದು. ಬೆಲೆ ಹಳೆಯ ಬಗೆಯದಕ್ಕಿಂತ ಹೆಚ್ಚು, ಅದೇ ತೊಡಕು. ಸರ್ಕಾರದ ಸಹಾಯಧನ ಮೊದಲು ದೇವದುರ್ಗದಂಥ ತಾಲ್ಲೂಕಿನ ಫ್ಯಾನಿಗೆ ಸಿಗಬೇಕೆಂಬುದು ನನ್ನ ಅಭಿಪ್ರಾಯ.

ಮಾನ್ವಿಯ ರೈತರು ಕೇಳುವ ಪ್ರಶ್ನೆ ಬೇರೆ. ಕಾಲುವೆಯ ನೀರು ತಲುಪದ ಕಡೆ ಪಂಪ್‌ಸೆಟ್ಟೇ ಗತಿ. 10 ಎಚ್.ಪಿ.ವರೆಗೆ ಅದಕ್ಕೆ ಬಿಲ್ಲಿಲ್ಲ, ಬಹುಪಾಲು ಪಂಪುಗಳಿಗೆ ಮೀಟರೂ ಇಲ್ಲ. 5 ಎಚ್.ಪಿ. ಎಂದರೆ 3.73 ಕಿಲೋವ್ಯಾಟ್. ಆ ದೇವದುರ್ಗದ ಮನೆ ಇಡೀ ದಿನ ಬಳಸಿದ್ದನ್ನು ಈ ಪಂಪು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಮೀಟರೆಂದರೆ ಬಿಲ್ಲು ಬಂದೀತೆಂಬ ರೈತರ ಅಂಜಿಕೆ ಸಹಜ. ಆದರೆ ಅಳೆಯುವುದು ಬೇರೆ, ವಸೂಲಿ ಬೇರೆ.

ವಿದ್ಯಾರ್ಥಿಗಳು ಒಂದು ತಿಂಗಳು ನಿತ್ಯ ಅದೇ ಹೊತ್ತಿಗೆ ಮೀಟರಿನ ಅಂಕಿಯನ್ನು ಬರೆದಿಡಿ, ಪಕ್ಕದಲ್ಲಿ ಅಂದಿನ ಉಷ್ಣಾಂಶವನ್ನೂ ಗುರುತಿಸಿ. ಬಿಲ್ಲಿಗೂ ನಿಮ್ಮ ಪುಸ್ತಕಕ್ಕೂ ತಾಳೆಯಾಗದಿದ್ದರೆ ಆ ಪುಟಗಳೊಂದಿಗೆ ಉಪವಿಭಾಗದ ಕಚೇರಿಗೆ ಹೋಗಿ, ಮೀಟರ್ ಪರೀಕ್ಷೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.