ಮುತ್ತಜ್ಜ ಯಾವ ದಫ್ತರದಲ್ಲಿದ್ದಾನೆ?



ವಂಶಾವಳಿ ಎಂದ ಕೂಡಲೇ ನಮಗೆ ನೆನಪಾಗುವುದು ಅರಸು ಮನೆತನಗಳು. ಆದರೆ ನಮ್ಮ ರೈತರಲ್ಲಿ ಅನೇಕರು ಬದುಕಿನಲ್ಲಿ ಒಮ್ಮೆಯಾದರೂ ತಮ್ಮ ವಂಶವೃಕ್ಷ ಬರೆಸಿರುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆಂದು ನಾಡಕಚೇರಿಗೆ ಅಲೆಯುವ ಹೊತ್ತು ಅದು. ಮೇಲೆ ಮೂಲಪುರುಷನ ಹೆಸರು, ಕೆಳಗೆ ಗೀಟು, ಗೀಟಿನ ತುದಿಗೆ ಮಕ್ಕಳು, ಹೋದವರ ಪಕ್ಕದಲ್ಲಿ ‘ಮೃತ’ ಎಂಬ ಷರಾ. ಕೊನೆಗೆ ಗ್ರಾಮ ಆಡಳಿತಾಧಿಕಾರಿಯ (ಹಿಂದೆ ಗ್ರಾಮ ಲೆಕ್ಕಿಗರ) ವರದಿ. ಮನೆತನದ ಚರಿತ್ರೆ ಹುಡುಕುವವರು ಮೊದಲು ತಟ್ಟಬೇಕಾದದ್ದು ಕಂದಾಯದ ಬಾಗಿಲನ್ನೇ ಎಂಬುದು ನನ್ನ ವಾದ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದೆ ಹುಟ್ಟು ಸಾವಿನ ಲೆಕ್ಕ ಸೀಮೆಗೊಂದು ತೆರ. ಭೂಮಿಯ ಲೆಕ್ಕವನ್ನು ಮಾತ್ರ ಯಾವ ಸರ್ಕಾರವೂ ಕೈಬಿಟ್ಟದ್ದಿಲ್ಲ.

ಯಾವ ಸರ್ಕಾರ ಎಂಬಲ್ಲಿಯೇ ತೊಡಕು. ಬಳ್ಳಾರಿ 1953ರವರೆಗೆ ಮದ್ರಾಸಿನದು. ಬೀದರ, ಕಲಬುರಗಿ, ರಾಯಚೂರು ನಿಜಾಮರವು; ಅಲ್ಲಿಯ ಹಳೆಯ ಕಾಗದ ಫಾರ್ಸಿ, ಉರ್ದುವಿನಲ್ಲಿದೆ. ಧಾರವಾಡ, ಬೆಳಗಾವಿ ಕಡೆ ಹಳೆಯ ಕಟ್ಟು ಬಿಚ್ಚಿದರೆ ಮರಾಠಿಯ ಮೋಡಿ ಅಕ್ಷರ. ಕೆಳದಿ ಗುಂಡಾ ಜೋಯಿಸರಂಥ ಮೋಡಿ ಬಲ್ಲ ವಿದ್ವಾಂಸರು ಎಷ್ಟು ಮಂದಿ ಸಿಕ್ಕಾರು? ಉತ್ತರ ಕನ್ನಡದ್ದು ಇನ್ನೊಂದು ಫಜೀತಿ. 1862ರಲ್ಲಿ ಆ ಸೀಮೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ಶಿರಸಿಯ ಒಬ್ಬ ಮುತ್ತಜ್ಜ ಅಡಕೆ ತೋಟ ಬಿಟ್ಟು ಕದಲದೆ ಎರಡು ಪ್ರಾಂತಗಳ ಪ್ರಜೆಯಾಗಿ ಸತ್ತಿರಬಹುದು. ಊರಿನ ಹೆಸರಿಗಿಂತ ಮುಂಚೆ, ಆ ವರ್ಷ ಆ ಊರಿನ ಕಂದಾಯ ಯಾರ ಖಜಾನೆಗೆ ಹೋಗುತ್ತಿತ್ತು ಎಂದು ಕೇಳಿಕೊಳ್ಳಿ.

ಸ್ಮಶಾನಗಳಿಗೂ ಈ ಮಾತು ಸಲ್ಲುತ್ತದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು, ಸ್ವಿಸ್ ಮೂಲದ ಡಿ ಮ್ಯೂರನ್ ರೆಜಿಮೆಂಟಿನವರು, ಅವರ ಹೆಂಡಿರು ಮಕ್ಕಳು ಮಲಗಿದ್ದಾರೆ. ಅಲ್ಲಿಯ ಕಲ್ಲು ಸವೆದರೂ ಯುರೋಪಿಯನ್ನರ ವಂಶಸ್ಥರಿಗೆ ದಾರಿಯಿದೆ. ಚರ್ಚಿನ ದೀಕ್ಷಾಸ್ನಾನ, ಮದುವೆ, ಹೂಳಿಕೆಯ ಪುಸ್ತಕಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿ, ಮದ್ರಾಸ್ ಪ್ರಾಂತದವು ಎನ್/2, ಮುಂಬಯಿಯವು ಎನ್/3 ಎಂಬ ಗುರುತಿನಡಿ ಇವೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನ ಕಾಗದಪತ್ರಗಳಿಗೆ ಬಾಸೆಲ್ ಪಟ್ಟಣದಲ್ಲೇ ಪತ್ರಾಗಾರವಿದೆ.

ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಯವರು ಹಿರಿಯರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡಿದರು. ಹೆಸರು ಕೊರೆದ ಕಲ್ಲು ಅಲ್ಲಿ ಅಪರೂಪ. ಇಂಥ ಕಡೆ ವಿಭಾಗಪತ್ರ ನೋಡಿ. ಅಣ್ಣತಮ್ಮಂದಿರು ಗುಂಟೆ ಗುಂಟೆಗೂ ಜಗಳಾಡಿ ಹಂಚಿಕೊಂಡ ಕಾಗದದಲ್ಲೂ ‘ಸಮಾಧಿ ಇರುವ ಜಾಗ ಎಲ್ಲರಿಗೂ ಸೇರಿದ್ದು’ ಎಂಬಂಥ ಒಂದು ಸಾಲು ಇರುವುದುಂಟು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥವರದು ಎಂದು ಅಕ್ಕಪಕ್ಕದವರ ಹೆಸರೂ ಸಿಗುತ್ತದೆ. ಊರೊಟ್ಟಿನ ಸ್ಮಶಾನವಾದರೆ ಸರ್ವೆ ದಾಖಲೆಯಲ್ಲಿ ‘ಬ’ ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗದ ಲೆಕ್ಕದಲ್ಲಿ ಹುಡುಕಬೇಕು. ಅಲ್ಲಿ ವಿಸ್ತೀರ್ಣ ಸಿಕ್ಕೀತು, ಹೂತವರ ಹೆಸರು ಸಿಗದು. ಭೂಮಿಯೇ ಇಲ್ಲದವನು ಈ ಕಾಗದಗಳಲ್ಲಿ ಹೆಚ್ಚಾಗಿ ಇಲ್ಲವೇ ಇಲ್ಲ. ನನ್ನ ವಾದದ ದೊಡ್ಡ ತೂತು ಅದೇ.

ಉತ್ತರ ಕರ್ನಾಟಕದವರಿಗೆ ಇನ್ನೊಂದು ಆಸರೆ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ತಲೆಮಾರುಗಳನ್ನು ಹೆಸರಿಟ್ಟು ಹಾಡಿ, ಕಾಳುಕಡಿ ಪಡೆದು, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಹೋಗುವವರು. ಮೂಲ ಊರು ಯಾವುದು, ಯಾವಾಗ ಗುಳೆ ಬಂದದ್ದು ಎಂಬುದನ್ನು ಯಾವ ಪಹಣಿಯೂ ಹೇಳುವುದಿಲ್ಲ, ಹೆಳವರು ಹೇಳುತ್ತಾರೆ. ಸಂಶೋಧಕರು ಅವರನ್ನು ಜನಪದ ಕಲಾವಿದರ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡದ್ದು ನನಗೆ ಸರಿಕಾಣುವುದಿಲ್ಲ. ಅವರು ದಫ್ತರದವರು.

ಇನ್ನು ಹೆಣ್ಣುಮಕ್ಕಳು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ತಿದ್ದುಪಡಿ ತಂದವು. ಅದಕ್ಕೆ ಮುಂಚೆ ವಂಶವೃಕ್ಷದಲ್ಲಿ ಅವರನ್ನು ಬಿಟ್ಟರೂ ಕೇಳುವವರಿರಲಿಲ್ಲ. ಈಗ ಜಮೀನು ಕೊಳ್ಳುವವನ ವಕೀಲರೇ ಕೇಳುತ್ತಾರೆ. ಹಾಗಾಗಿ ಅಕ್ಕತಂಗಿಯರು ಸಾಲಾಗಿ ಕೂತು ‘ಅರಿಶಿನ ಕುಂಕುಮಕ್ಕೆಂದು’ ಒಂದಿಷ್ಟು ಹಣ ಪಡೆದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಹೆಸರು, ವಯಸ್ಸು, ಗಂಡನ ಹೆಸರು, ಕೊಟ್ಟ ಊರು ಎಲ್ಲವೂ ಅದರಲ್ಲಿವೆ. ಪಾಲು ಬಿಟ್ಟುಕೊಟ್ಟ ದಿನವೇ ಮನೆತನದ ಕಾಗದದಲ್ಲಿ ಅವರಿಗೆ ಪೂರ್ತಿ ವಿಳಾಸ ಸಿಕ್ಕಿದ್ದು! ಇಂಥ ಪತ್ರಗಳು ದಾಖಲಾಗುವ ಸಬ್ ರಿಜಿಸ್ಟ್ರಾರ್ ಕಚೇರಿಯ ಒಂದನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಉಯಿಲುಗಳ ಪುಸ್ತಕಕ್ಕೆ ಆ ಸಲಿಗೆ ಇಲ್ಲ. ಸೋದರತ್ತೆಯನ್ನು ಅವಳ ಗಂಡನ ತಾಲ್ಲೂಕಿನಲ್ಲಿ ಹುಡುಕಿ ಸುಸ್ತಾಗಬೇಡಿ. ಹಳೆಯ ಪತ್ರ ನೋಂದಣಿಯಾಗುತ್ತಿದ್ದುದು ಜಮೀನು ಇರುವ ಕಡೆ, ಅಂದರೆ ತವರಿನಲ್ಲಿ.