ನಾಮವಿಲ್ಲದ ನಾಮದ ಕೋಳಿ

ಫೆಬ್ರವರಿಯ ಒಂದು ಬೆಳಗ್ಗೆ. ಕೆ.ಆರ್. ಪುರ ದಾಟಿ, ಹಳೇ ಮದ್ರಾಸ್ ರಸ್ತೆಯಲ್ಲಿ ಇನ್ನಷ್ಟು ದೂರ ಹೋಗಿ, ಎಲೆಮಲ್ಲಪ್ಪ ಶೆಟ್ಟಿ ಕೆರೆಯ ಏರಿ ಮೇಲೆ ನೀವು ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ವೀಳ್ಯದೆಲೆ ವ್ಯಾಪಾರ ಮಾಡುತ್ತಿದ್ದ ಮಲ್ಲಪ್ಪ ಶೆಟ್ಟರು ಕಟ್ಟಿಸಿದ ಕೆರೆ ಅದು. ಆ ಎಲೆ ಕೆರೆಯ ಹೆಸರಿಗೂ ಅಂಟಿಕೊಂಡಿದೆ. ನೀರಿನ ಮೇಲೆ ಇನ್ನೂ ತೆಳ್ಳಗೆ ಮಂಜು. ನಿಮ್ಮ ಪಾಲಿಗೆ ಬಂದಿರುವ ಕೆಲಸ ನಾಮದ ಕೋಳಿ ಎಣಿಸುವುದು. ಮೈಯೆಲ್ಲ ಮಸಿ ಬಳಿದಂತೆ ಕಪ್ಪು, ಹಣೆಗೆ ಮಾತ್ರ ಯಾರೋ ಸುಣ್ಣ ಹಚ್ಚಿದ ಹಾಗೆ ಬಿಳಿ ನಾಮ, ಕೆಂಪು ಕಣ್ಣು. ನಮ್ಮ ಕೆರೆಗಳಲ್ಲಿ ತೀರಾ ಸಾಮಾನ್ಯವಾದ ಹಕ್ಕಿ. ಇಪ್ಪತ್ತು, ಮೂವತ್ತು... ಎಣಿಸಿ ಎಣಿಸಿ ಆಕಳಿಕೆ ಬರುತ್ತಿದೆ. ಮೂವತ್ತಾರು. ಮೂವತ್ತೇಳು.

ಮೂವತ್ತೇಳನೆಯದಕ್ಕೆ ನಾಮವೇ ಇಲ್ಲ!

ಈಗೇನು ಮಾಡುತ್ತೀರಿ? ಅಪರೂಪದ ಹಕ್ಕಿ ಸಿಕ್ಕಿತು ಅಂತ ಕೂಗಬೇಡಿ. ಹಾಗೆ ಕೂಗಿ ನಗೆಪಾಟಲಾದವರಲ್ಲಿ ನಾನೂ ಒಬ್ಬ, ಆ ಕಥೆ ಆಮೇಲೆ. ಮೊದಲು ಸಾಮಾನ್ಯ ಕಾರಣಗಳನ್ನೆಲ್ಲ ಒಂದೊಂದಾಗಿ ನೋಡಿ ಮುಗಿಸಬೇಕು. ಹಕ್ಕಿ ಮುಖವನ್ನು ಆಚೆ ತಿರುಗಿಸಿಕೊಂಡಿದೆಯೋ ಏನೋ, ಕಾಯಿರಿ. ಈ ಕಡೆ ತಿರುಗಿತು, ಆದರೂ ನಾಮವಿಲ್ಲ. ಹಾಗಾದರೆ ಎಳೆಯ ಹಕ್ಕಿಯೇ? ನಾಮದ ಕೋಳಿಯ ಮರಿಗೆ ಬೆಳೆಯುವ ತನಕ ನಾಮ ಸರಿಯಾಗಿ ಮೂಡುವುದಿಲ್ಲ, ಆದರೆ ಅದರ ಕತ್ತು, ಎದೆಯ ಮುಂಭಾಗ ಬೂದುಬಿಳಿ ಇರುತ್ತದೆ. ಇದರ ಎದೆ ಅಪ್ಪಟ ಕಪ್ಪು, ಪಕ್ಕೆ ಮಾತ್ರ ಬೆಳ್ಳಗೆ. ಇನ್ನು ಕೊಕ್ಕು ನೋಡಿ. ನಾಮದ ಕೋಳಿಯದು ಹೆಸರಿಗೆ ತಕ್ಕಂತೆ ಕೋಳಿಯ ಹಾಗೆ ಚೂಪು, ಇದರದು ಚಪ್ಪಟೆ. ಅಂದಮೇಲೆ ಇದು ಕೋಳಿಯಲ್ಲ, ಬಾತು. ಕಣ್ಣು ಅರಿಶಿನ ಹಳದಿ. ತಲೆಯ ಹಿಂದೆ ಇಳಿಬಿದ್ದ ಪುಟ್ಟ ಜುಟ್ಟು.

ಜುಟ್ಟಿನ ಬಾತು! ಯುರೋಪ್, ಸೈಬೀರಿಯಾ ಕಡೆಯ ತಣ್ಣನೆಯ ಸರೋವರಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಭಾರತಕ್ಕೂ ಬರುವ ಮುಳುಗುಬಾತು ಇದು. ಉತ್ತರ ಭಾರತದ ಕೆರೆಗಳಲ್ಲಿ ಬೇಕಾದಷ್ಟು ಕಾಣುತ್ತದೆ. ಬೆಂಗಳೂರಲ್ಲಿ ಕಂಡರೆ ಮಾತ್ರ ತಾರೀಕು ಹಾಕಿ ಬರೆದಿಡುವ ಸಂಗತಿ.

ಈ ಬಾತಿಗೆ ನಾಮದ ಕೋಳಿಗಳ ಗುಂಪಿನೊಳಗೆ ಸೇರಿಕೊಳ್ಳುವ ಅಭ್ಯಾಸ. ಅಪರೂಪದ್ದನ್ನೇ ಹುಡುಕಿಕೊಂಡು ಬಂದವರು ದೂರದಿಂದ ನೋಡಿ, ಅಯ್ಯೋ, ಬರೀ ನಾಮದ ಕೋಳಿ ಎಂದು ಮುಂದೆ ಹೋಗಿಬಿಡುತ್ತಾರೆ. ಎಣಿಸುವವರಿಗೆ ಹಾಗೆ ಮುಂದೆ ಹೋಗಲು ಆಗುವುದಿಲ್ಲ. ಪ್ರತಿ ಹಕ್ಕಿಯ ಮೇಲೂ ಕಣ್ಣು ಒಂದು ಗಳಿಗೆ ನಿಲ್ಲಲೇಬೇಕಲ್ಲ! ಅದಕ್ಕೇ ನೋಡಿ, ಅಪರೂಪದ ಹಕ್ಕಿ ಸಿಗುವುದು ಹೆಚ್ಚಾಗಿ ಸಾಮಾನ್ಯ ಹಕ್ಕಿಗಳನ್ನು ಎಣಿಸುವವರಿಗೆ.

ಹಕ್ಕಿ ಎಣಿಸುವ ಹುಚ್ಚು ಹೊಸದೇನಲ್ಲ. ಒಂದು ಕಾಲಕ್ಕೆ ಅಮೆರಿಕದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಎರಡು ತಂಡ ಕಟ್ಟಿಕೊಂಡು, ಯಾರು ಹೆಚ್ಚು ಪ್ರಾಣಿ ಪಕ್ಷಿ ಹೊಡೆಯುತ್ತಾರೆ ನೋಡೋಣ ಎಂದು ಪಂದ್ಯ ಕಟ್ಟುತ್ತಿದ್ದರು. 1900ರಲ್ಲಿ ಫ್ರಾಂಕ್ ಚಾಪ್ಮನ್ ಎಂಬ ಪಕ್ಷಿತಜ್ಞರು, ಕೋವಿ ಮನೆಯಲ್ಲಿಟ್ಟು ಬನ್ನಿ, ಈ ಸಲ ಎಣಿಸಿ ನೋಡೋಣ ಎಂದು ಕರೆ ಕೊಟ್ಟರು. ಆ ವರ್ಷ ಬಂದವರು 27 ಜನ, ಎಣಿಸಿದ್ದು 25 ಕಡೆ. ಆಗ ಶುರುವಾದ ಎಣಿಕೆ ಇವತ್ತಿನವರೆಗೂ ನಿಂತಿಲ್ಲ. ನಮ್ಮ ಕಡೆ 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ಬೆಂಗಳೂರಿನ ಹಕ್ಕಿಪ್ರಿಯರೂ ಕೆರೆಗಳನ್ನು ಹಂಚಿಕೊಂಡು ಬೆಳಗಾಗುವ ಮುಂಚೆ ಹೊರಡುತ್ತಾರೆ. ಫೆಬ್ರವರಿಯಲ್ಲಿ ಬರುವುದು 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್'. ನಾವು ಹಿತ್ತಿಲ ಹಕ್ಕಿ ಎಣಿಕೆ ಅನ್ನೋಣ. 1998ರಲ್ಲಿ ಅಮೆರಿಕದಲ್ಲಿ ಶುರುವಾಗಿ 2013ರಲ್ಲಿ ಭಾರತಕ್ಕೂ ಬಂತು. ಹಿತ್ತಿಲೇ ಇಲ್ಲದ ಶಿವಾಜಿನಗರದ ಮಕ್ಕಳು ಮನೆಯ ತಾರಸಿ ಮೇಲೆ ನಿಂತು ಎಣಿಸಿದರೂ ಲೆಕ್ಕಕ್ಕೆ ಬರುತ್ತದೆ. ಕಡಿಮೆ ಎಂದರೆ 15 ನಿಮಿಷ ನಿಲ್ಲಬೇಕು. ಕಂಡದ್ದು, ದನಿ ಕೇಳಿದ್ದು ಎಲ್ಲವನ್ನೂ ಬರೆಯಬೇಕು. ಕಾಗೆ, ಪಾರಿವಾಳ ಬಿಟ್ಟು ಚೆಂದದ ಹಕ್ಕಿಗಳನ್ನು ಮಾತ್ರ ಬರೆಯುವುದು ಮೋಸ.

ಇಷ್ಟಕ್ಕೂ ಈ ಹಕ್ಕಿಗಳು ಅಷ್ಟು ದೂರದಿಂದ ಬರುವುದು ಯಾಕೆ? ಚಳಿಗೆ ಹೆದರಿ ಎಂದು ನಾವೆಲ್ಲ ಹೇಳುತ್ತೇವೆ. ನಿಜ ಹೇಳಬೇಕೆಂದರೆ ಹಕ್ಕಿಗೆ ಪುಕ್ಕದ ರಗ್ಗು ಇದ್ದೇ ಇದೆ. ತೊಂದರೆ ಹೊಟ್ಟೆಯದು. ಉತ್ತರದಲ್ಲಿ ಕೆರೆ ಹೆಪ್ಪುಗಟ್ಟಿದರೆ ಬಾತು ಮುಳುಗುವುದು ಎಲ್ಲಿ? ಹುಳು ಹುಪ್ಪಟೆ ಅಡಗಿಬಿಟ್ಟರೆ ನೊಣಹಿಡುಕ ಹಿಡಿಯುವುದು ಏನನ್ನು? ಜತೆಗೆ ಹಗಲು ಗಿಡ್ಡವಾಗುತ್ತದೆ, ಊಟ ಹುಡುಕಲು ಹೊತ್ತೂ ಸಾಲದು. ಅದಕ್ಕೇ ದಕ್ಷಿಣದ ದಾರಿ ಹಿಡಿಯುತ್ತವೆ. ಎಷ್ಟೋ ಪುಟ್ಟ ಹಕ್ಕಿಗಳು ರಾತ್ರಿ ಹೊತ್ತೇ ಹಾರುತ್ತವೆ. ನಕ್ಷತ್ರಗಳು, ಭೂಮಿಯ ಕಾಂತಶಕ್ತಿ ಅವಕ್ಕೆ ದಿಕ್ಕು ತೋರಿಸುತ್ತವೆ. ಮಳೆಗಾಲ ಇನ್ನೂ ಮುಗಿಯುವ ಮುಂಚೆಯೇ ಹಿಮಾಲಯದಿಂದ ಬೂದು ಕುಂಡೆಕುಸ್ಕ ನಮ್ಮಲ್ಲಿಗೆ ಬಂದು ಇಳಿಯುತ್ತದೆ. ಸದಾ ಬಾಲ ಕುಣಿಸುತ್ತಲೇ ಇರುವುದಕ್ಕೆ ಆ ಹೆಸರು. (ನಗಬೇಡಿ, ಪುಸ್ತಕಗಳಲ್ಲೂ ಹಾಗೇ ಇದೆ.)

ಅಪರೂಪ ಅನ್ನುವುದು ಹಕ್ಕಿಯ ಮೈಮೇಲೆ ಬರೆದಿರುವುದಿಲ್ಲ. ಎಲ್ಲಿ, ಯಾವಾಗ ಕಂಡಿತು ಎಂಬುದರ ಮೇಲೆ ಅದು ನಿಂತಿದೆ. ಪಟ್ಟೆತಲೆಯ ಹೆಬ್ಬಾತನ್ನೇ ತೆಗೆದುಕೊಳ್ಳಿ. ಹಿಮಾಲಯದ ಮೇಲಿಂದ ಹಾರಿ ಬರುವ ಗಟ್ಟಿಗ ಹಕ್ಕಿ. 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲದಲ್ಲಿ ಇವು ಸಾವಿರಗಟ್ಟಲೆ. ಆ ಕೆರೆಗೆ 2024ರಲ್ಲಿ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ಸಿಕ್ಕಿತು. ಮಾಗಡಿಯ ಹುಡುಗನಿಗೆ ಹೆಬ್ಬಾತು ನಮಗೆ ಕಾಗೆ ಇದ್ದ ಹಾಗೆ. ಅದೇ ಹಕ್ಕಿ ಹಲಸೂರು ಕೆರೆಗೆ ಬಂದು ಇಳಿದರೆ? ಕ್ಯಾಮೆರಾ ಹೊತ್ತವರ ಜಾತ್ರೆಯೇ ನೆರೆದೀತು. ಕವಲುತೋಕೆ ಹಕ್ಕಿಗಳು ಜನವರಿಯಲ್ಲಿ ಕೆ.ಆರ್. ಪುರದ ಕರೆಂಟು ತಂತಿ ಮೇಲೆ ಸಾಲಾಗಿ ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ಜೂನ್‌ನಲ್ಲಿ ಒಂದೇ ಒಂದು ಕಂಡರೆ ಅದು ಸುದ್ದಿ.

ಇನ್ನೊಂದು ಬಗೆಯ ಅಪರೂಪ ಇದೆ. ಹಕ್ಕಿ ಇರುತ್ತದೆ, ನೋಡುವವರು ಇರುವುದಿಲ್ಲ. ಇಂದಿರಾನಗರದ ಯಾವುದಾದರೂ ದೊಡ್ಡ ಮರದ ಕೆಳಗೆ ಡಿಸೆಂಬರ್ ಬೆಳಗ್ಗೆ ಐದು ನಿಮಿಷ ಸುಮ್ಮನೆ ನಿಂತು ನೋಡಿ. 'ಚಿಸ್ವೀ, ಚಿಸ್ವೀ' ಎಂದು ಎಲೆಗಳ ನಡುವಿಂದ ಚುರುಕು ದನಿ ಕೇಳಿದರೆ ಅದು ಹಸಿರು ಉಲಿಯಕ್ಕಿ. ಹೆಸರು ಕೇಳಿದ್ದೀರಾ? ನೂರಕ್ಕೆ ತೊಂಬತ್ತೊಂಬತ್ತು ಜನ ಕೇಳಿರುವುದಿಲ್ಲ ಎಂದು ನನ್ನ ಅಂದಾಜು. ಆದರೆ ಚಳಿಗಾಲದ ಬೆಂಗಳೂರಿನಲ್ಲಿ ಇದು ಬೀದಿ ಬೀದಿಯಲ್ಲೂ ಇರುವ ಹಕ್ಕಿ. ಮಂಕು ಹಸಿರು ಬೆನ್ನು, ಕಣ್ಣಿನ ಮೇಲೆ ತಿಳಿಬಣ್ಣದ ಹುಬ್ಬು, ರೆಕ್ಕೆಯ ಮೇಲೆ ನೂಲಿನಷ್ಟು ಬಿಳಿ ಗೆರೆ. ತೂಕ ಎಷ್ಟು ಗೊತ್ತೇ? ಒಂದು ಹತ್ತು ರೂಪಾಯಿ ನಾಣ್ಯವನ್ನು ಅಂಗೈ ಮೇಲೆ ಇಟ್ಟುಕೊಳ್ಳಿ, ಹೆಚ್ಚುಕಮ್ಮಿ ಅಷ್ಟೇ. ಆ ನಾಣ್ಯದಷ್ಟು ಜೀವ ಹಿಮಾಲಯದಿಂದಲೋ ಅದಕ್ಕೂ ಆಚೆಯಿಂದಲೋ ಹಾರಿ ಬಂದು ನಿಮ್ಮ ಬೀದಿಯ ಮರ ಹಿಡಿದಿದೆ. ಹಿಡಿದಿದೆ ಎಂದರೆ ನಿಜವಾಗಿಯೂ ಹಿಡಿದಿದೆ. ಚಳಿಗಾಲ ಪೂರ್ತಿ ಒಂದಿಷ್ಟು ಜಾಗವನ್ನು ತನ್ನದೆಂದು ಕಾಯುತ್ತದೆ, ಇನ್ನೊಂದು ಉಲಿಯಕ್ಕಿ ಬಂದರೆ ಓಡಿಸುತ್ತದೆ. ಆ 'ಚಿಸ್ವೀ' ಬಾಡಿಗೆದಾರನ ಬೋರ್ಡು ಇದ್ದಂತೆ. ಹಗಲಿಡೀ ಎಲೆ ಎಲೆಯ ಹಿಂದೆ ಹುಳು ಹೆಕ್ಕುತ್ತಲೇ ಇರಬೇಕು, ಅಷ್ಟು ಪುಟ್ಟ ಮೈಯಲ್ಲಿ ಕೂಡಿಡಲು ಜಾಗ ಕಮ್ಮಿ. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಅದನ್ನು ಕೆಳಗೆ ಕರೆಯಬೇಡಿ ಎಂದು ದೊಡ್ಡವರು ಹೇಳುವುದು ಇದಕ್ಕೇ. ಇಲ್ಲದ ಎದುರಾಳಿಯ ಜತೆ ಜಗಳ ಆಡುತ್ತಾ ಅದು ಊಟದ ಹೊತ್ತು ಕಳೆದುಕೊಳ್ಳುತ್ತದೆ.

ಉಲಿಯಕ್ಕಿಯನ್ನು ಹಿಂಬಾಲಿಸಿ ಕಣ್ಣು ಕೊಂಬೆಯಿಂದ ಕೊಂಬೆಗೆ ಹೋಗುತ್ತಿರುವಾಗಲೇ ಬೂದು ಕಾಜಾಣ, ಹೊನ್ನಕ್ಕಿ, ಕಂದು ನೊಣಹಿಡುಕ ಎಲ್ಲ ಸಿಗುತ್ತವೆ. ಅಕ್ಟೋಬರ್ ಆಗಿದ್ದರೆ ಮೈಮೇಲೆ ನಾನಾ ಬಣ್ಣ ಹೊತ್ತ ನವರಂಗ, ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ ಸುಸ್ತಾಗಿ ಯಾರದೋ ಮನೆಯ ಹೂಕುಂಡದ ಹಿಂದೆ ಕೂತಿರಲೂಬಹುದು. ಹಾಗೆ ಕಂಡರೆ ಬೆಕ್ಕು ನಾಯಿ ಬರದಂತೆ ನೋಡಿಕೊಳ್ಳಿ. ಪೆಟ್ಟಾಗಿಲ್ಲದಿದ್ದರೆ ಸುಧಾರಿಸಿಕೊಂಡು ತಾನೇ ಹೊರಡುತ್ತದೆ.

ಶಿವಾಜಿನಗರಕ್ಕೆ ಬರೋಣ. ರಸೆಲ್ ಮಾರ್ಕೆಟ್ ಸುತ್ತ, ಮಾಂಸದ ಅಂಗಡಿಗಳ ಮೇಲೆ ಹದ್ದುಗಳು ಗಿರಕಿ ಹೊಡೆಯುವುದನ್ನು ನೀವೆಲ್ಲ ನೋಡಿರುತ್ತೀರಿ. ಅವನ್ನು ಎಣಿಸುವವರು ಯಾರು! ಆದರೆ ಮಧ್ಯ ಏಷ್ಯಾ, ಸೈಬೀರಿಯಾಗಳಿಂದಲೂ ಒಂದು ಬಗೆಯ ಹದ್ದು ಚಳಿಗಾಲಕ್ಕೆ ಭಾರತಕ್ಕೆ ಬರುತ್ತದೆ. ಕಪ್ಪುಗಿವಿಯ ಹದ್ದು. ನಮ್ಮ ಹದ್ದಿನ ದಾಯಾದಿಯೇ. ಮೈಕಟ್ಟು ದೊಡ್ಡದು, ಕಣ್ಣಿನ ಹಿಂದೆ ಕಪ್ಪು ಮಚ್ಚೆ, ಹಾರುವಾಗ ರೆಕ್ಕೆಯ ಕೆಳಗೆ ಬಿಳಿ ತೇಪೆ ಎದ್ದು ಕಾಣುತ್ತದೆ. ದೆಹಲಿಯಲ್ಲಿ ಇಂಥ ಹದ್ದುಗಳ ಬೆನ್ನಿಗೆ ಪುಟ್ಟ ಜಿಪಿಎಸ್ ಕಟ್ಟಿ ಬಿಟ್ಟಾಗ, ಅವು ಹಿಮಾಲಯ ದಾಟಿ 3,000 ಕಿಲೋಮೀಟರಿಗೂ ಹೆಚ್ಚು ದೂರ ಹೋದದ್ದು ಗೊತ್ತಾಯಿತು. ದಕ್ಷಿಣದ ತನಕ ಇಳಿದು ಬರುವವು ಕಮ್ಮಿ. ಮಾರ್ಕೆಟ್ಟಿನ ನೂರು ಹದ್ದುಗಳನ್ನು ತಾಳ್ಮೆಯಿಂದ ಒಂದೊಂದಾಗಿ ನೋಡುವವರಿಗೆ ಮಾತ್ರ ಅಂಥದ್ದೊಂದು ಕಂಡೀತು.

ಇಲ್ಲಿ ನನ್ನ ಕಥೆ ಹೇಳಿಬಿಡುತ್ತೇನೆ. ಹಲಸೂರು ಕೆರೆಯ ದಂಡೆಯಲ್ಲಿ ಒಂದು ದಿನ, ಹದ್ದಿನಂತಿದ್ದೂ ಹದ್ದಲ್ಲದ, ತಲೆ ಸ್ವಲ್ಪ ಬಿಳಿಚಿಕೊಂಡ ಕಂದು ಹಕ್ಕಿಯನ್ನು ನೋಡಿ, ಎಲ್ಲಿಯದೋ ವಲಸೆ ಗಿಡುಗ ಬಂದಿದೆ ಎಂದು ಜತೆಯವರನ್ನೆಲ್ಲ ಕೂಗಿ ಕರೆದೆ. ಅವರಲ್ಲೊಬ್ಬಳು ಶಾಲೆಯ ಹುಡುಗಿ. ಬೈನಾಕ್ಯುಲರ್ ಇಳಿಸಿ, "ಅಂಕಲ್, ಬಾಲ ನೋಡಿದ್ರಾ?" ಎಂದಳು. ಬಾಲದ ತುದಿ ಗುಂಡಗಿತ್ತು. ಹದ್ದಿನ ಬಾಲ ಕವಲು, ಗರುಡನದು ಗುಂಡು. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ ಬರುವುದಕ್ಕೆ ಮುಂಚಿನ ಎಳೆಯ ಗರುಡ ಅದು, ಅದೇ ಕೆರೆಯ ನಿವಾಸಿ!

ಮೋಸ ಹೋಗಲು ಇನ್ನೊಂದು ದಾರಿಯೂ ಇದೆ. ದಂಡು ಪ್ರದೇಶದ ಮರದಲ್ಲಿ ಹಳದಿ ಹಸಿರಿನ ಪುಟಾಣಿ ಗಿಳಿ ಕಂಡರೆ ಅದು ಆಸ್ಟ್ರೇಲಿಯಾದಿಂದ ವಲಸೆ ಬಂದದ್ದಲ್ಲ. ಶಿವಾಜಿನಗರದಲ್ಲಿ ಪಂಜರದ ಹಕ್ಕಿ ಮಾರುವ ಅಂಗಡಿಗಳಿವೆ. ಯಾರದೋ ಕೈತಪ್ಪಿ ಹಾರಿಹೋದ ಲವ್‌ಬರ್ಡ್ ಅದು. ಅದನ್ನೂ ಬರೆಯಿರಿ, ತಪ್ಪಿಸಿಕೊಂಡದ್ದು ಎಂದು ಪಕ್ಕದಲ್ಲಿ ಸೇರಿಸಿ.

ಅಪರೂಪದ್ದು ಕಂಡೆ ಎಂದು ಪಟ್ಟಿ ಕಳಿಸಿದರೆ, ಅನುಭವಿಗಳು ಅದನ್ನು ಪರಿಶೀಲಿಸಿ ಪುರಾವೆ ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಮೇಲಿನ ಅನುಮಾನ ಅಲ್ಲ ಅದು. ಸಲೀಂ ಅಲಿ ಅವರ ಕಾಲದಿಂದಲೂ ಹಕ್ಕಿ ವಿದ್ಯೆ ನಡೆದಿರುವುದೇ ಹಾಗೆ. ಫೋಟೋ ಇಲ್ಲದಿದ್ದರೆ ಚಿತ್ರ ಬರೆದರೂ ನಡೆಯುತ್ತದೆ. ಪಕ್ಕದಲ್ಲಿದ್ದ ಹಕ್ಕಿಗಿಂತ ದೊಡ್ಡದೋ ಚಿಕ್ಕದೋ, ಕೊಕ್ಕು ಹೇಗಿತ್ತು, ಬಾಲ ಹೇಗಿತ್ತು, ನೀರಲ್ಲಿ ಮುಳುಗಿತೋ ತೇಲಿತೋ, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಇವನ್ನೆಲ್ಲ ಅಲ್ಲೇ ನಿಂತು ಬರೆದುಕೊಳ್ಳಿ. ಮನೆಗೆ ಬಂದು ಪುಸ್ತಕ ತೆರೆದ ಮೇಲೆ ಬರೆದರೆ, ಹಕ್ಕಿಯ ಬದಲು ಪುಸ್ತಕದ ಚಿತ್ರ ನೆನಪಿಗೆ ಬಂದುಬಿಡುತ್ತದೆ. ಏನೂ ವಿಶೇಷ ಸಿಗದ ದಿನವೂ ಪಟ್ಟಿ ಕಳಿಸಿ. ನಾಮದ ಕೋಳಿ ಮೂವತ್ತಾರು, ಬೇರೇನೂ ಇಲ್ಲ ಎಂಬ ಸಾಲು ಹತ್ತು ವರ್ಷ ಬಿಟ್ಟು ಆ ಕೆರೆಯನ್ನು ನೋಡುವವರಿಗೆ ಬೇಕಾಗುತ್ತದೆ.

ಹಿತ್ತಿಲ ಹಕ್ಕಿ ಎಣಿಕೆ ಪ್ರತಿವರ್ಷ ಫೆಬ್ರವರಿ ನಡುವಿನ ಶುಕ್ರವಾರದಿಂದ ಸೋಮವಾರದ ತನಕ, ನಾಲ್ಕು ದಿನ. ಮೆಟ್ರೊ ಹಿಡಿದರೆ ಹಲಸೂರು, ಇಂದಿರಾನಗರ, ಬೆನ್ನಿಗಾನಹಳ್ಳಿ, ಕೆ.ಆರ್. ಪುರ ಎಲ್ಲ ಒಂದೇ ದಾರಿಯಲ್ಲಿ ಸಿಗುತ್ತವೆ. ದೊಡ್ಡವರೊಬ್ಬರನ್ನು ಜತೆಗೆ ಎಬ್ಬಿಸಿಕೊಂಡು ಹೋಗಿ. ಬೈನಾಕ್ಯುಲರ್ ಇಲ್ಲದಿದ್ದರೂ ಪರವಾಗಿಲ್ಲ, ಪೆನ್ಸಿಲ್ ಮಾತ್ರ ಮರೆಯಬೇಡಿ. ಮಂಜಿಗೆ ಪುಟ ಒದ್ದೆಯಾದರೆ ಪೆನ್ನಿನ ಶಾಯಿ ಹರಡಿಬಿಡುತ್ತದೆ, ಪೆನ್ಸಿಲ್ಲಿನ ಅಕ್ಷರ ಹಾಗೇ ಇರುತ್ತದೆ.