ಜಂಗಮರು ದಂಡಿಗೆ ನಿಂತಾಗ



ಯುದ್ಧಕ್ಕಿಳಿದ ಧರ್ಮಗುರುಗಳ ವಿಷಯವನ್ನು ಚರ್ಚಿಸಲು ನಮ್ಮ ಚಿತ್ರದುರ್ಗಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ನಮ್ಮ ಏಳುಸುತ್ತಿನ ಕೋಟೆಯೊಳಗೇ ಮುರುಘಾ ಮಠವಿದೆ. ದುರ್ಗವನ್ನಾಳಿದ ನಾಯಕರ ಬತೇರಿಗೂ ಗುರುವಿನ ಗದ್ದುಗೆಗೂ ಒಂದೇ ಕೋಟೆಯ ಆಸರೆ. ಆದರೂ ನಾವು ಪಾಠ ಹೇಳುವಾಗ ಮಠಕ್ಕೆ ಒಂದು ಅಧ್ಯಾಯ, ಕಾಳಗಕ್ಕೆ ಇನ್ನೊಂದು ಅಧ್ಯಾಯ ಎಂದು ಹಂಚಿಬಿಡುತ್ತೇವೆ. ಎರಡೂ ಕೂಡಿದ ಜಾಗವನ್ನು ಹುಡುಕುವುದು ಈ ವಿಚಾರ ಸಂಕಿರಣದ ಆಶಯ.

1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ಕಾಲದ ರೈತರ ದಂಗೆಯನ್ನು ನೋಡಿ. ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿರುವಂತೆ, ತೆರಿಗೆಯ ಭಾರ ತಾಳಲಾರದೆ ರೈತರು ಉಳುಮೆ ನಿಲ್ಲಿಸಿದರು. ಊರಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ನೇತುಹಾಕಿದರು. ಅವರ ಮುಂದಾಳುಗಳು ಊರೂರು ಅಲೆಯುವ ವೀರಶೈವ ಗುರುಗಳಾದ ಜಂಗಮರು. ಗುಂಪಿನ ಮೇಲೆ ನುಗ್ಗಿ, ಮೊದಲು ಕಾವಿ ತೊಟ್ಟವರನ್ನು ಕಡಿಯಬೇಕೆಂದು ಕುದುರೆ ದಂಡಿಗೆ ಅಪ್ಪಣೆಯಾಯಿತಂತೆ. ವಿಲ್ಕ್ಸ್ ಒಂದು ಶತಮಾನಕ್ಕೂ ಹೆಚ್ಚು ತಡವಾಗಿ ಬರೆದವನು. ಅವನು ಕೊಡುವ ಸಾವಿನ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಆದರೆ ಆ ಅಪ್ಪಣೆಯ ಒಳಗಿನ ತಿಳಿವಳಿಕೆ ನನ್ನನ್ನು ಕಾಡುತ್ತದೆ. ಜನರನ್ನು ಚದುರಿಸಬೇಕಾದರೆ ಮೊದಲು ಯಾರು ಬೀಳಬೇಕೆಂಬುದು ಅರಮನೆಗೆ ಗೊತ್ತಿತ್ತು.

ಕೊಡಗಿನ ಪ್ರಸಂಗ ಇನ್ನೂ ಗಾಢವಾದದ್ದು. 1834ರಲ್ಲಿ ಇಂಗ್ಲಿಷರು ಕೊಡಗನ್ನು ಕಬಳಿಸಿದರು. ಅದುವರೆಗೆ ಅಲ್ಲಿ ಆಳಿದ ಹಾಲೇರಿ ಅರಸರ ಕಾಲದಲ್ಲಿ ಧಾನ್ಯವಾಗಿ ಸಲ್ಲುತ್ತಿದ್ದ ಕಂದಾಯ ಈಗ ನಗದಾಗಿ ಬೇಕೆಂದರು. ಸುಳ್ಯ, ಪುತ್ತೂರಿನ ಬೇಸಾಯಗಾರರು ಕಂಗೆಟ್ಟರು. ಹಾಲೇರಿ ಮನೆತನದ ಹೆಸರಿನಲ್ಲಿ ಜನರನ್ನು ಕೂಡಿಸುತ್ತಿದ್ದ ಅಪರಂಪಾರ ಎಂಬ ಜಂಗಮ ಸೆರೆಯಾದ, ಅವನ ಹಿಂದೆ ಬಂದ ಕಲ್ಯಾಣಸ್ವಾಮಿಯೂ ಸೆರೆಯಾದ. ಆಗ ಪುಟ್ಟಬಸಪ್ಪ ಎಂಬ ರೈತ ಕಾವಿ ಉಟ್ಟು, ತಾನೇ ಕಲ್ಯಾಣಸ್ವಾಮಿ ಎಂದು ಮುಂದೆ ನಿಂತ. ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಜೊತೆಗೂಡಿದರು. ಉಪ್ಪು, ಹೊಗೆಸೊಪ್ಪಿನ ಸುಂಕ ರದ್ದೆಂದು ಸಾರಿದರು. ಬೆಳ್ಳಾರೆಯ ಖಜಾನೆ ಕೈವಶವಾಯಿತು. 1837ರ ಏಪ್ರಿಲ್ 5ರಂದು ದಂಡು ಮಂಗಳೂರು ಸೇರಿತು; ಬಾವುಟಗುಡ್ಡೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಕೆಳಗಿಳಿಯಿತು. 13 ದಿನಗಳ ಆ ಆಳ್ವಿಕೆ ಮುಗಿದ ಮೇಲೆ ಪುಟ್ಟಬಸಪ್ಪನನ್ನು ಬಿಕರ್ನಕಟ್ಟೆಯಲ್ಲಿ, ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಸರ್ಕಾರಿ ದಾಖಲೆ ಪುಟ್ಟಬಸಪ್ಪನನ್ನು ಸುಳ್ಳು ಸ್ವಾಮಿ ಎಂದು ತಳ್ಳಿಹಾಕಿತು. ಅಲ್ಲಿಗೆ ನಿಲ್ಲುವುದು ನಮಗೆ ಸಲ್ಲದು. ಕತ್ತಿ ಹಿಡಿಯಬಲ್ಲ ರೈತರು ಆ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಹಾಗಿದ್ದೂ ದಂಡು ಕೂಡಲು ಒಬ್ಬ ಸ್ವಾಮಿಯೇ ಬೇಕಾದನಲ್ಲ, ಏಕೆ? ಜೋಳಿಗೆ ಹೊತ್ತ ಜಂಗಮ ಯಾವ ಅಂಗಳಕ್ಕಾದರೂ ಹೋಗಬಲ್ಲವನು. ಅವನನ್ನು ಯಾರೂ ಎಲ್ಲಿಗೆ ಹೊರಟೆ ಎಂದು ತಡೆಯುವುದಿಲ್ಲ. ಮನೆಮನೆಯ ಕಷ್ಟ ಅವನ ಕಿವಿಗೆ ಬಿದ್ದಿರುತ್ತದೆ, ಅವನ ಮಾತಿಗೆ ಮನೆಯ ಯಜಮಾನ ತಲೆಬಾಗುತ್ತಾನೆ. ಭಿಕ್ಷೆಯ ದಾರಿಯೇ ಸುದ್ದಿಯ ದಾರಿಯೂ ಆಯಿತೆಂದು ನಾನು ನಂಬುತ್ತೇನೆ.

ಹೋಲಿಕೆಗೆ ಹೊರನಾಡಿನ ಒಂದು ನಿದರ್ಶನ ನೋಡಿ: ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸಾವಿರಾರು ಪಾದ್ರಿಗಳು ಸೇನೆ ಸೇರಿದರು. ಕೆಲವರು ಗಾಯಾಳುಗಳನ್ನು ಹೊತ್ತರು, ಕೆಲವರು ಕಂದಕದಲ್ಲಿ ಬಂದೂಕು ಹಿಡಿದರು. ಆದರೆ ಕಾನೂನು ಅವರನ್ನು ಕರೆದದ್ದು ಎಲ್ಲರಂತೆ ಪ್ರಜೆಗಳೆಂದು. ಅವರು ನಿಲುವಂಗಿ ಕಳಚಿ ಸಮವಸ್ತ್ರ ತೊಟ್ಟರು. ನಮ್ಮಲ್ಲಿ ಜನ ಹಿಂಬಾಲಿಸಿದ್ದು ಕಾವಿಯನ್ನೇ. ಅದರಿಂದ ಹೊಣೆಯೂ ಹೆಚ್ಚುತ್ತದೆ. ಸುಳ್ಯದ ದಂಗೆಯ ಆರಂಭದಲ್ಲೇ ಅಟ್ಲೂರು ರಾಮಪ್ಪಯ್ಯ ಎಂಬವನ ಕೊಲೆಯಾಯಿತು. ಗುರುವಿನ ಹೆಸರಿನಲ್ಲಿ ಹರಿದ ರಕ್ತವನ್ನು ಅಭಿಮಾನದ ಮಾತಿನಿಂದ ಮುಚ್ಚಬಾರದು.

ಇಂಥ ಪ್ರಸಂಗಗಳನ್ನು ಹುಡುಕುವ ದಾರಿ ನಮ್ಮಲ್ಲೇ ಇದೆ. ಇತಿಹಾಸ ಸಂಶೋಧಕ ಹುಲ್ಲೂರು ಶ್ರೀನಿವಾಸ ಜೋಯಿಸರು ಮನೆಮನೆ ಅಲೆದು ಈ ಜಿಲ್ಲೆಯ ಕಾಗದಪತ್ರ ಕೂಡಿಸಿದರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಮಠಗಳಲ್ಲಿ, ಹಳೆಯ ಮನೆಗಳ ಅಟ್ಟದಲ್ಲಿ ಕಡತಗಳು ಸಿಕ್ಕರೆ ಗುರುಪರಂಪರೆಯ ಪಟ್ಟಿ ನಕಲು ಮಾಡಿಕೊಂಡು ಬಂದುಬಿಡಬೇಡಿ. ದಾಸೋಹದ ದವಸ ಯಾವ ವರ್ಷ ಏಕಾಏಕಿ ಹೆಚ್ಚಿತು, ಮಠದ ಕುದುರೆಗಳು ಎಲ್ಲಿಗೆ ಹೋದವು, ಯಾವ ಮರಿಸ್ವಾಮಿಯ ಹೆಸರು ನಡುವೆ ನಿಂತುಹೋಯಿತು ಎಂಬುದನ್ನೂ ಬರೆದುಕೊಳ್ಳಿ. ಇಂದಿನ ಗೋಷ್ಠಿಗಳು ಅಲ್ಲಿಂದ ಶುರುವಾಗಲಿ.